ನ್ಯೂಟ್ರಲ್‌ನಲ್ಲಿ ನಿಂತ ಕಾರು

ಕಾರು ಕೈಕೊಡುವ ಬಗೆಗಳಲ್ಲೆಲ್ಲ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಗೇರ್ ಬೀಳದೆ ನಿಲ್ಲುವುದು. ಪೆಟ್ರೋಲ್ ಮುಗಿದರೆ ಕಾರು ಎರಡು ಸಲ ಬಿಕ್ಕಿ ಸುಮ್ಮನಾಗುತ್ತದೆ. ಬ್ಯಾಟರಿ ಇಳಿದರೆ ಕಟಕಟ ಎಂದು ಅಲ್ಲೇ ಉಳಿಯುತ್ತದೆ. ಟೈರು ಪಂಕ್ಚರ್ ಆದರೆ ಒಂದು ಕಡೆಗೆ ವಾಲುತ್ತದೆ. ಏನಾಯಿತೆಂದು ಯಾರನ್ನೂ ಕೇಳಬೇಕಾಗಿಲ್ಲ. ಗೇರ್ ಬೀಳದ ಕಾರಿನ ಸಂಗತಿಯೇ ಬೇರೆ. ಎಂಜಿನ್ ಒಳ್ಳೆಯ ಲಯದಲ್ಲಿ ಓಡುತ್ತಿರುತ್ತದೆ. ದೀಪ, ಹಾರನ್, ರೇಡಿಯೊ ಎಲ್ಲವೂ ಸರಿ. ಆಕ್ಸಿಲರೇಟರ್ ಒತ್ತಿದರೆ ಹುಮ್ಮಸ್ಸಿನಿಂದ ಗರ್ಜಿಸುತ್ತದೆ. ಎಡಗೈಯಲ್ಲಿ ಹಿಡಿದ ಆ ಕಡ್ಡಿ ಮಾತ್ರ ತನ್ನ ಜಾಗಕ್ಕೆ ಹೋಗಲೊಲ್ಲದು. ಶಕ್ತಿ ಅಲ್ಲಿದೆ, ಚಕ್ರಗಳು ಇಲ್ಲಿವೆ, ನಡುವೆ ಎಲ್ಲೋ ಒಂದು ಒಪ್ಪಂದ ಮುರಿದಿದೆ. ಎಲ್ಲಿ ಎಂದು ಹುಡುಕುವ ಕೆಲಸದಲ್ಲಿ ನನಗೆ ಸಿಕ್ಕಿರುವಷ್ಟು ಸ್ವಾರಸ್ಯ ಕಾರು ಓಡಿಸುವುದರಲ್ಲೂ ಸಿಕ್ಕಿಲ್ಲ.

ಗೇರ್ ಸರಿಯಾಗಿ ಬೀಳುವುದರಲ್ಲಿ ಒಂದು ಸುಖವಿದೆ. ಕ್ಲಚ್ ಒತ್ತಿ, ಅಂಗೈಯನ್ನು ಗುಬುಟಿನ ಮೇಲೆ ಹಗುರವಾಗಿ ಇಟ್ಟು ತಳ್ಳಿದರೆ, ಮೊದಲು ಒಂದು ಕೂದಲೆಳೆಯಷ್ಟು ತಡೆ, ಆಮೇಲೆ ಒಳಗಿನಿಂದಲೇ ಯಾರೋ ಎಳೆದುಕೊಂಡರೆನ್ನುವ ಭಾವ, ಕೊನೆಗೆ ಕಿವಿಗಿಂತ ಮುಂಚೆ ಬೆರಳಿಗೆ ಕೇಳುವ ‘ಟಕ್’. ಕಾರಿನ ಉಳಿದ ಭಾಗಗಳೆಲ್ಲ ನಮಗೆ ಕಣ್ಣಿನ ಮೂಲಕವೋ ಕಿವಿಯ ಮೂಲಕವೋ ಗೊತ್ತಾಗುತ್ತವೆ. ಗೇರ್ ಬಾಕ್ಸ್ ಗೊತ್ತಾಗುವುದು ಅಂಗೈಯಿಂದ. ಒಂದೇ ಕಾರನ್ನು ವರ್ಷಗಟ್ಟಲೆ ಓಡಿಸಿದವರಿಗೆ ಎರಡನೆಯ ಗೇರು ಚಳಿಗಾಲದ ಬೆಳಗಿನಲ್ಲಿ ಎಷ್ಟು ಬಿಗಿ, ನಂಜನಗೂಡಿನವರೆಗೆ ಹೋಗಿ ಬಂದಮೇಲೆ ಎಷ್ಟು ಸಡಿಲ ಎಂಬುದು ಯೋಚಿಸದೆಯೇ ತಿಳಿದಿರುತ್ತದೆ.

ನಮ್ಮ ವಯಸ್ಸಿನ ಮೈಸೂರಿನವರಿಗೆ ಈ ವಿದ್ಯೆಯ ಮೊದಲ ಪಾಠ ಆದದ್ದು ಬಸ್ಸಿನಲ್ಲಿ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳನ್ನಿಟ್ಟುಕೊಂಡು ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಎಂದು ಶುರುವಾದದ್ದು ಮುಂದೆ ಕೆಎಸ್‌ಆರ್‌ಟಿಸಿ ಆಯಿತಲ್ಲ, ಅದರ ಕೆಂಪು ಬಸ್ಸುಗಳಲ್ಲಿ ಡ್ರೈವರ್ ಪಕ್ಕ ಎಂಜಿನ್ನಿನ ಮೇಲೆ ಬಿಸಿಬಿಸಿ ಮುಚ್ಚಳ ಇರುತ್ತಿತ್ತು. ಅದರ ಬದಿಯಲ್ಲಿ ಜಾಗ ಸಿಕ್ಕ ಹುಡುಗನೇ ಪುಣ್ಯವಂತ. ನೆಲದಿಂದ ಎದ್ದು ಬಂದ ಉದ್ದನೆಯ ಗೇರ್ ರಾಡು, ಅದರ ತುದಿಯಲ್ಲಿ ಸವೆದು ಹೊಳೆಯುವ ಗುಂಡು, ಬಸ್ಸು ನಿಂತಾಗ ಇಡೀ ರಾಡು ಗಡಗಡ ನಡುಗುವುದು, ಡ್ರೈವರು ಅದರ ಮೇಲೆ ಕೈ ಇಟ್ಟ ಕೂಡಲೇ ನಡುಕ ನಿಲ್ಲುವುದು. ಚಾಮುಂಡಿ ಬೆಟ್ಟಕ್ಕೆ ಹೋಗುವ 201ನೇ ನಂಬರಿನ ಬಸ್ಸಾದರಂತೂ ಹಬ್ಬ. ಏರು ಶುರುವಾದ ಮೇಲೆ ಡ್ರೈವರು ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರುತ್ತಿದ್ದರು, ಕ್ಲಚ್ ಬಿಟ್ಟು ಆಕ್ಸಿಲರೇಟರಿಗೆ ಒಂದು ಗುಟುಕು ಕೊಡುತ್ತಿದ್ದರು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕುತ್ತಿದ್ದರು. ಕಾಲು ಎರಡು ಸಲ ಏಕೆ ಕುಣಿಯುತ್ತದೆ ಎಂದು ಆಗ ಅರ್ಥವಾಗುತ್ತಿರಲಿಲ್ಲ. ಗೇರಿನ ಎರಡು ಭಾಗಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವಾಗ ಅವನ್ನು ಒಂದೇ ವೇಗಕ್ಕೆ ತರುವ ಹೊಣೆಯನ್ನು ಆ ಮನುಷ್ಯ ತನ್ನ ಕಿವಿ ಮತ್ತು ಕಾಲಿನಿಂದ ಹೊರುತ್ತಿದ್ದ.

ಕಾರುಗಳಲ್ಲಿ ಆ ಹೊಣೆಯನ್ನು ಒಂದು ಉಂಗುರ ಹೊರುತ್ತದೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂದ ಸಿಂಕ್ರೊಮೆಶ್ ಎಂಬ ಏರ್ಪಾಡು ಅದು. ಇಂದಿನ ಗೇರ್ ಬಾಕ್ಸಿನಲ್ಲಿ ಮುಂದಕ್ಕೆ ಹೋಗುವ ಗೇರುಗಳ ಹಲ್ಲುಗಳು ಯಾವಾಗಲೂ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನಾವು ಕಡ್ಡಿ ಜರುಗಿಸಿದಾಗ ಜರುಗುವುದು ಅವುಗಳ ಪಕ್ಕದಲ್ಲಿರುವ ಸ್ಲೀವ್. ಅದು ಜಾರಿ ಬಂದು, ಬೇಕಾದ ಗೇರನ್ನು ಶಾಫ್ಟಿಗೆ ಕಟ್ಟಿಹಾಕುತ್ತದೆ. ಎರಡರ ವೇಗ ಒಂದಾಗುವವರೆಗೆ ಸ್ಲೀವನ್ನು ಒಳಗೆ ಬಿಡದೆ ತಡೆದು ನಿಲ್ಲಿಸುವುದು, ಉಜ್ಜಿ ಉಜ್ಜಿ ವೇಗವನ್ನು ಸರಿದೂಗಿಸುವುದು ನಡುವಿನ ಆ ಹಿತ್ತಾಳೆಯ ಉಂಗುರದ ಕೆಲಸ. ಅದಕ್ಕಿರುವ ತ್ರಾಣ ಬಹಳ ಕಡಿಮೆ. ಕ್ಲಚ್ ಪ್ಲೇಟಿನ ಮತ್ತು ಒಂದು ಶಾಫ್ಟಿನ ಭಾರವನ್ನು ಹಿಡಿದು ನಿಲ್ಲಿಸಲು ಸಾಕು. ಕ್ಲಚ್ ಪೂರ್ತಿ ಬಿಡದೆ ಎಂಜಿನ್ ಹಿಂದಿನಿಂದ ತಿರುಗಿಸುತ್ತಲೇ ಇದ್ದರೆ, ಆ ಬಡ ಉಂಗುರ ಇಡೀ ಎಂಜಿನ್ನಿಗೆ ಎದುರು ನಿಲ್ಲಬೇಕಾಗುತ್ತದೆ. ಆಗ ಅದು ದಾರಿ ಬಿಡುವುದಿಲ್ಲ. ಬಿಡದಿರುವುದೇ ಸರಿ. ಗೇರ್ ಬೀಳದಿರುವುದೆಂದರೆ ಬಹಳ ಸಲ ಗೇರ್ ಬಾಕ್ಸ್ ಕೆಟ್ಟಿದೆ ಎಂದಲ್ಲ, ಅದು ತನ್ನ ಹಲ್ಲುಗಳನ್ನು ಕಾಪಾಡಿಕೊಳ್ಳುತ್ತಿದೆ ಎಂದು. ಇದನ್ನು ತಿಳಿಯದೆ ಬಲ ಹಾಕಿ ತುರುಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಒಂದು ಬೆಳಗ್ಗೆ ಕೃಷ್ಣರಾಜ ಬುಲೆವಾರ್ಡ್ ರಸ್ತೆಯಲ್ಲಿ ನನ್ನ ಹಳೆಯ ಕಾರು ಹೀಗೆ ನಿಂತಿತು. ನಿಲ್ಲುವುದಕ್ಕೆ ಮೈಸೂರಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಎರಡೂ ಬದಿ ಹಳೆಯ ಮರಗಳು, ಒಂದು ಕಡೆಗೆ ಜಿಲ್ಲಾಧಿಕಾರಿಗಳ ಹಳೆಯ ಕಚೇರಿ, ಇನ್ನೊಂದು ಕಡೆಗೆ ಕಾಲೇಜುಗಳು, ಕುಕ್ಕರಹಳ್ಳಿ ಕೆರೆಯ ಸುತ್ತು ಮುಗಿಸಿ ಮನೆಗೆ ಮರಳುವ ನಡಿಗೆಯವರು. ಮೊದಲ ಗೇರು ಬೀಳಲಿಲ್ಲ. ಎರಡನೆಯದೂ ಇಲ್ಲ. ರಿವರ್ಸಿಗೆ ತಂದರೆ ‘ಕರ್ರ್’ ಎಂದು ಒಂದು ಸದ್ದು ಬಂತು. ಕೈ ತಾನಾಗಿಯೇ ಹಿಂದೆ ಸರಿಯಿತು. ನ್ಯೂಟ್ರಲ್‌ನಲ್ಲಿ ನಿಂತ ಕಾರನ್ನು ಬದಿಗೆ ತಳ್ಳುವುದು ಸುಲಭ. ವಾಕಿಂಗ್ ಮುಗಿಸಿ ಬರುತ್ತಿದ್ದ ಹಿರಿಯರೊಬ್ಬರು, ಒಬ್ಬ ಪತ್ರಿಕೆ ಹಾಕುವ ಹುಡುಗ, ಒಬ್ಬ ಆಟೋ ಡ್ರೈವರು, ಇಷ್ಟು ಜನ ಕೈ ಹಚ್ಚಿದರು.

“ಗೇರ್ ಬಾಕ್ಸ್ ಹೋಗಿದೆ ಸಾರ್. ಟೋ ಮಾಡಿಸ್ಬಿಡಿ,” ಎಂದರು ಆಟೋದವರು.

ಹಿರಿಯರು ಒಪ್ಪಲಿಲ್ಲ. “ಕ್ಲಚ್ ಪ್ಲೇಟ್ ಕಣಯ್ಯಾ. ನಮ್ಮ ಫಿಯಟ್ಟಿಗೂ ಹೀಗೇ ಆಗಿತ್ತು.” ಆ ಫಿಯಟ್ ಯಾವ ವರ್ಷದ್ದು, ಯಾರಿಂದ ಕೊಂಡದ್ದು, ಅದರಲ್ಲಿ ಊಟಿಗೆ ಹೋಗುವಾಗ ಗುಂಡ್ಲುಪೇಟೆಯಲ್ಲಿ ಏನಾಯಿತು ಎಂದು ಅವರು ಹೇಳಿದ್ದನ್ನೆಲ್ಲ ನಾನು ಸಂತೋಷದಿಂದ ಕೇಳಿದೆ. ನಿಂತ ಕಾರಿನ ಸುತ್ತ ಸೇರುವ ಮಾತು ನಮ್ಮೂರಿನಲ್ಲಿ ಯಾವಾಗಲೂ ಹಿಂದಿನ ಒಂದು ಕಾರಿನ ಕಡೆಗೆ ತಿರುಗುತ್ತದೆ.

ಆ ಫಿಯಟ್ಟುಗಳ, ಅಂಬಾಸಿಡರುಗಳ ಗೇರಿನ ಕಥೆಗಳಿಗೆ ಕೊನೆಯೇ ಇಲ್ಲ. ಗೇರಿನ ಕಡ್ಡಿ ನೆಲದಲ್ಲಿರದೆ ಸ್ಟಿಯರಿಂಗ್ ಕಂಬಕ್ಕೆ ಅಂಟಿಕೊಂಡಿರುತ್ತಿತ್ತು. ಅಲ್ಲಿಂದ ಗೇರ್ ಬಾಕ್ಸಿನವರೆಗೆ ಸರಳುಗಳು, ಸಂದುಗಳು, ಬುಷ್‌ಗಳು. ಬುಷ್ ಸವೆದರೆ ಸರಳು ಅಡ್ಡ ಸಿಕ್ಕಿ ಗೇರು ಎಲ್ಲಿತ್ತೋ ಅಲ್ಲೇ ಹೂತುಹೋಗುತ್ತಿತ್ತು. ಟ್ಯಾಕ್ಸಿ ಓಡಿಸುವವರಿಗೆ ಇದು ದಿನದ ಮಾತು. ಇಳಿದು ಬಾನೆಟ್ ಎತ್ತಿ, ಸ್ಟಿಯರಿಂಗ್ ಕಂಬದ ಬುಡದಲ್ಲಿ ಕೈ ಹಾಕಿ, ಸಿಕ್ಕಿಕೊಂಡ ಸರಳನ್ನು ಬಿಡಿಸಿ, ಬಾನೆಟ್ ಮುಚ್ಚಿ ಮತ್ತೆ ಹೊರಡುತ್ತಿದ್ದರು. ಒಳಗೆ ಕುಳಿತ ಪ್ರಯಾಣಿಕರಿಗೆ ಮಾತು ನಿಲ್ಲಿಸುವಷ್ಟೂ ಹೊತ್ತು ಆಗುತ್ತಿರಲಿಲ್ಲ. ಅಂಬಾಸಿಡರಿನ ಮೊದಲ ಗೇರಿಗೆ ಸಿಂಕ್ರೊ ಉಂಗುರವೂ ಇರಲಿಲ್ಲ. ಗಾಡಿ ಪೂರ್ತಿ ನಿಂತ ಮೇಲೆಯೇ ಮೊದಲ ಗೇರು ಹಾಕಬೇಕೆಂಬ ಹಳೆಯ ಡ್ರೈವರುಗಳ ಪಟ್ಟು ಅಲ್ಲಿಂದ ಬಂದದ್ದು.

ಮೇಸ್ತ್ರಿಗೆ ಫೋನ್ ಮಾಡಿದೆ. ಬನ್ನಿಮಂಟಪದ ಕಡೆ ಅವರ ಗ್ಯಾರೇಜು. ಏನಾಯಿತೆಂದು ನಾನು ವಿವರಿಸಲು ಹೊರಟರೆ ಅವರು ನಡುವೆಯೇ ತಡೆದರು.

“ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿ ಸಾರ್. ಬೀಳುತ್ತಾ?”

ಹಾಕಿದೆ. “ಬೀಳುತ್ತೆ. ಎಲ್ಲಾ ಗೇರೂ ಬೀಳುತ್ತೆ.”

“ಹಂಗಾರೆ ಗೇರ್ ಬಾಕ್ಸ್ ಚೆನ್ನಾಗೈತೆ. ಕ್ಲಚ್ ಬಿಡ್ತಿಲ್ಲ ಅಷ್ಟೇ. ಪೆಡಲ್ ಕೆಳಗೆ ಮ್ಯಾಟ್ ಏನಾರ ಮಡಚ್ಕೊಂಡೈತಾ ನೋಡಿ.”

ಎರಡು ಮಾತಿನಲ್ಲಿ ಅವರು ಅರ್ಧ ಕಾರನ್ನು ಪಕ್ಕಕ್ಕೆ ಸರಿಸಿಬಿಟ್ಟಿದ್ದರು. ಎಂಜಿನ್ ಆರಿಸಿದಾಗ ಗೇರು ಸಲೀಸಾಗಿ ಬಿದ್ದು, ಓಡುತ್ತಿರುವಾಗ ಮಾತ್ರ ಬೀಳದಿದ್ದರೆ ಕಡ್ಡಿಯಿಂದ ಗೇರ್ ಬಾಕ್ಸಿನವರೆಗಿನ ಸಂಪರ್ಕ ಸರಿಯಾಗಿದೆ, ಒಳಗಿನ ಫೋರ್ಕು, ಸ್ಲೀವು ಎಲ್ಲ ಆಡುತ್ತಿವೆ, ಎಂಜಿನ್ನಿನಿಂದ ಬಿಡುಗಡೆ ಮಾತ್ರ ಸಿಗುತ್ತಿಲ್ಲ. ಎಂಜಿನ್ ಆರಿಸಿದರೂ ಬೀಳದಿದ್ದರೆ ಕಡ್ಡಿ, ಸರಳು, ಕೇಬಲ್ಲು, ಬುಷ್‌ಗಳ ಕಡೆ ನೋಡಬೇಕು. ಗೇರ್ ಬಾಕ್ಸಿನ ಒಳಗಿನ ಮಾತು ಕಟ್ಟಕಡೆಯದು. ನಿಂತ ಕಾರಿನಲ್ಲಿ ಹಲ್ಲಿಗೆ ಹಲ್ಲು ಎದುರಾಗಿ ಗೇರು ತಡೆಯುವುದೂ ಉಂಟು. ನ್ಯೂಟ್ರಲ್‌ಗೆ ತಂದು, ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿದರೆ ಅದು ಸರಿಹೋಗುತ್ತದೆ. ಅದನ್ನು ಖಾಯಿಲೆ ಎನ್ನಬೇಕಾಗಿಲ್ಲ.

ಮ್ಯಾಟಿನ ಪ್ರಶ್ನೆ ಕೇಳಿದರೆ ಕ್ಷುಲ್ಲಕ ಅನ್ನಿಸೀತು. ಆದರೆ ದಪ್ಪನೆಯ ಹೊಸ ಮ್ಯಾಟ್ ಹಾಕಿಸಿದ ಮರುದಿನವೇ ಗೇರು ಬೀಳುತ್ತಿಲ್ಲವೆಂದು ಕಾರು ತರುವವರು ಇದ್ದಾರೆಂದು ಮೇಸ್ತ್ರಿ ಎಷ್ಟೋ ಸಲ ಹೇಳಿದ್ದಾರೆ. ಪೆಡಲ್ ಕೊನೆಯ ಒಂದೆರಡು ಬೆರಳಿನಷ್ಟು ಕೆಳಗೆ ಇಳಿಯದಿದ್ದರೂ ಪ್ಲೇಟ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಮ್ಯಾಟ್ ತೆಗೆದು ಹಿಂದಿನ ಸೀಟಿಗೆ ಹಾಕಿ, ದುಡ್ಡು ತೆಗೆದುಕೊಳ್ಳದೆ ಕಳಿಸುತ್ತಾರೆ. ನನ್ನ ಕಾರಿನಲ್ಲಿ ಮ್ಯಾಟ್ ತನ್ನ ಜಾಗದಲ್ಲೇ ಇತ್ತು. ಪೆಡಲ್ ಮಾತ್ರ ಎಂದಿಗಿಂತ ಹಗುರವಾಗಿತ್ತು, ಮೇಲಿನ ಅರ್ಧದಾರಿಯಲ್ಲಿ ಏನೂ ಇಲ್ಲವೆಂಬಷ್ಟು.

ಮೇಸ್ತ್ರಿ ಸ್ಕೂಟರಿನಲ್ಲಿ ಬಂದರು. ಪೆಡಲನ್ನು ಕೈಯಲ್ಲೇ ಒಮ್ಮೆ ಒತ್ತಿ ನೋಡಿದರು. ಆಮೇಲೆ ಬಾನೆಟ್ ಎತ್ತಿ, ಗೇರ್ ಬಾಕ್ಸಿನ ಮೇಲೆ ಕ್ಲಚ್ ಕೇಬಲ್ ಬಂದು ಸೇರುವ ತುದಿಗೆ ಬಗ್ಗಿ, ನನ್ನನ್ನು ಪೆಡಲ್ ಒತ್ತಲು ಹೇಳಿದರು. ಒತ್ತಿದೆ. ಕೆಳಗಿನ ಲಿವರ್ ಅರ್ಧ ಮಾತ್ರ ಬಂತು. “ಬನ್ನಿ, ನೋಡಿ,” ಎಂದು ಕರೆದು ತೋರಿಸಿದರು. ತಂತಿಯ ಎಳೆಗಳು ಒಂದೊಂದಾಗಿ ಹರಿದು ಹೊರಗೆ ಕೆದರಿಕೊಂಡಿದ್ದವು. ಉಳಿದಿದ್ದ ಕೆಲವೇ ಎಳೆಗಳು ನಾನು ಕಾಲಿಟ್ಟಾಗಲೆಲ್ಲ ಹಿಗ್ಗುತ್ತಿದ್ದವು. ಕಾಲಿನ ಬಲವೆಲ್ಲ ಆ ಹಿಗ್ಗಿನಲ್ಲೇ ಖರ್ಚಾಗಿ, ಫೋರ್ಕಿಗೆ ತಲುಪುತ್ತಿದ್ದದ್ದು ಉಳಿಕೆ. ಕೇಬಲ್ಲು ಒಂದೇ ದಿನದಲ್ಲಿ ಹೀಗಾಗುವುದಿಲ್ಲ. ಮುಂಚಿನ ಕೆಲವು ವಾರ ಗೇರು ಬೆಳಗಿನ ಹೊತ್ತು ಸ್ವಲ್ಪ ಒರಟಾಗುತ್ತದೆ, ರಿವರ್ಸ್ ಹಾಕುವಾಗ ಸಣ್ಣಗೆ ಉಜ್ಜುತ್ತದೆ, ಪೆಡಲ್ ಕಚ್ಚುವ ಜಾಗ ದಿನದಿನಕ್ಕೆ ನೆಲದ ಕಡೆಗೆ ಇಳಿಯುತ್ತದೆ. ರಿವರ್ಸಿಗೆ ಸಾಮಾನ್ಯವಾಗಿ ಸಿಂಕ್ರೊ ಇರುವುದಿಲ್ಲವಾದ್ದರಿಂದ ಕ್ಲಚ್ಚಿನ ತೊಂದರೆಯನ್ನು ಎಲ್ಲಕ್ಕಿಂತ ಮೊದಲು ಹೇಳುವುದು ಅದೇ. ಕ್ಲಚ್ ಒತ್ತಿ ಮೂರು ನಾಲ್ಕು ಸೆಕೆಂಡ್ ಸುಮ್ಮನಿದ್ದು ಆಮೇಲೆ ರಿವರ್ಸ್ ಹಾಕಿದರೂ ಕರಕರ ಎಂದರೆ ಪ್ಲೇಟ್ ಇನ್ನೂ ತಿರುಗುತ್ತಲೇ ಇದೆ ಎಂದು ಅರ್ಥ.

ಅಲ್ಲಿಂದ ಬನ್ನಿಮಂಟಪದವರೆಗೆ ಅವರು ಕ್ಲಚ್ ಇಲ್ಲದೆಯೇ ಕಾರು ಓಡಿಸಿಕೊಂಡು ಹೋದರು. ಆ ದಾರಿ ನನ್ನ ಮನಸ್ಸಿನಲ್ಲಿ ಇಂದಿಗೂ ಹಸಿರು. ಎಂಜಿನ್ ಆರಿಸಿ, ಮೊದಲ ಗೇರಿಗೆ ಹಾಕಿ, ಮುಂದೆ ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡು ಕೀಲಿ ತಿರುಗಿಸಿದರು. ಸ್ಟಾರ್ಟರ್ ಮೋಟರೇ ಕಾರನ್ನು ಎಳೆಯಿತು, ಎಂಜಿನ್ ಹತ್ತಿಕೊಂಡಿತು, ಕಾರು ಹೊರಟಿತು. ಸ್ವಲ್ಪ ವೇಗ ಬಂದ ಮೇಲೆ ಆಕ್ಸಿಲರೇಟರ್ ಬಿಟ್ಟ ಗಳಿಗೆಯಲ್ಲಿ ಕಡ್ಡಿಯನ್ನು ಬೆರಳ ತುದಿಯಿಂದ ನ್ಯೂಟ್ರಲ್‌ಗೆ ತೆಗೆದರು. ಎಂಜಿನ್ನಿನ ಸದ್ದು ಇಳಿಯುತ್ತಾ ಇಳಿಯುತ್ತಾ ಒಂದು ಮಟ್ಟಕ್ಕೆ ಬರುವವರೆಗೆ ಎರಡನೆಯ ಗೇರಿನ ಬಾಗಿಲಲ್ಲಿ ಕೈಯನ್ನು ಸುಮ್ಮನೆ ಇಟ್ಟುಕೊಂಡಿದ್ದರು. ತಳ್ಳಲಿಲ್ಲ. ವೇಗಗಳು ಕೂಡಿದ ಕ್ಷಣ ಅದು ತಾನಾಗಿಯೇ ಒಳಗೆ ಹೋಯಿತು. ಸದ್ದೇ ಇಲ್ಲ. ಸಿಗ್ನಲ್ ಕೆಂಪಾಗುವುದನ್ನು ದೂರದಿಂದಲೇ ಕಂಡು ನಿಧಾನಿಸಿ, ಹಸಿರಾಗುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪುತ್ತಿದ್ದರು. ಎಂಜಿನ್ನಿನ ಮನಸ್ಸು ಗೊತ್ತಿಲ್ಲದವರು, ಗಿಜಿಗುಡುವ ರಸ್ತೆಯಲ್ಲಿ, ಮಾಡುವ ಕೆಲಸವಲ್ಲ ಇದು. ಅವರ ಪಕ್ಕದಲ್ಲಿ ಕುಳಿತಾಗ ನನಗೆ 201ರ ಡ್ರೈವರುಗಳ ಕಾಲಿನ ಕುಣಿತ ಕೊನೆಗೂ ಪೂರ್ತಿ ಅರ್ಥವಾಯಿತು.

“ಎಲ್ಲಿ ಕಲಿತಿರಿ?” ಎಂದು ಕೇಳಿದೆ.

“ಜಾವಾದಲ್ಲಿ,” ಎಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿಗೆ ಬರಿಯ ಕಾರ್ಖಾನೆಯಾಗಿರಲಿಲ್ಲ. ಆಗಿನ ಚೆಕೊಸ್ಲೊವಾಕಿಯಾದ ಜಾವಾ ಮೋಟಾರ್‌ಸೈಕಲ್ಲನ್ನು ಇಲ್ಲಿ ತಯಾರಿಸಲು ಫಾರೂಖ್ ಇರಾನಿಯವರು ಕಟ್ಟಿದ ಸಂಸ್ಥೆ ಅದು. 1961ರಲ್ಲಿ ಗಾಡಿಗಳು ಹೊರಬರತೊಡಗಿದವು, ಮುಂದೆ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಬಾಗಿಲು ಹಾಕಿತು. ಆ ಮೂರೂವರೆ ದಶಕದಲ್ಲಿ ಈ ಊರಿನ ಎಷ್ಟೋ ಮನೆಗಳಲ್ಲಿ ಊಟ ಜಾವಾದ್ದು, ಅಂಗಳದಲ್ಲಿ ನಿಂತ ಗಾಡಿ ಜಾವಾದ್ದು, ಬೀದಿಯ ಕಿವಿಗೆ ಪರಿಚಯವಿದ್ದ ಸದ್ದು ಜಾವಾದ್ದು. ಇಂದಿಗೂ ಜುಲೈ ತಿಂಗಳಲ್ಲಿ ಹಳೆಯ ಜಾವಾ, ಯೆಜ್ಡಿಗಳನ್ನು ತೊಳೆದು ಒರೆಸಿ ಒಟ್ಟಾಗಿ ಮೆರವಣಿಗೆ ಹೊರಡುವವರು ಇಲ್ಲಿದ್ದಾರೆ.

ಜಾವಾದ ಗೇರು ಲೋಕದಲ್ಲೇ ಅಪರೂಪದ್ದು. ಕಿಕ್ ಹೊಡೆಯುವ ಲಿವರೂ ಗೇರ್ ಹಾಕುವ ಲಿವರೂ ಒಂದೇ. ಎಡಗಡೆ ಇರುವ ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಎಂಜಿನ್ ಹತ್ತಿದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್ ಪೆಡಲ್. ಅದಕ್ಕಿಂತಲೂ ಚೆಲುವಾದದ್ದು ಕ್ಲಚ್. ಗೇರ್ ಪೆಡಲನ್ನು ಕಾಲಿನಿಂದ ಒತ್ತಿದಾಗ ಆ ಒತ್ತಡವೇ ಮೊದಲು ಕ್ಲಚ್ಚನ್ನು ಬಿಡಿಸಿ ಆಮೇಲೆ ಗೇರನ್ನು ಬದಲಿಸುತ್ತಿತ್ತು. ಹ್ಯಾಂಡಲಿನ ಕ್ಲಚ್ ಹಿಡಿಯದೆಯೇ ಗೇರು ಬೀಳುತ್ತಿತ್ತು. ಒಂದೇ ಚಲನೆಯಲ್ಲಿ ಎರಡು ಕೆಲಸ, ಎರಡರ ನಡುವೆ ಕ್ಷಣದ ಅಂತರ. ಆ ಅಂತರ ತಪ್ಪಿದರೆ ಗೇರು ಉಜ್ಜುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಹೊಂದಾಣಿಕೆ ಸ್ಕ್ರೂವನ್ನು ಎಷ್ಟು ತಿರುಗಿಸಬೇಕೆಂಬುದನ್ನು ಮೇಸ್ತ್ರಿ ಹುಡುಗನಾಗಿದ್ದಾಗ ತಮ್ಮ ಗುರುವಿನ ಕೈ ನೋಡಿ ಕಲಿತರಂತೆ. ಕ್ಲಚ್ ಮೊದಲು, ಗೇರ್ ಆಮೇಲೆ, ಈ ಅನುಕ್ರಮವನ್ನು ಅಂಗಾಲಿನಿಂದ ಕಲಿತವರಿಗೆ ಯಾವ ಕಾರು ಕೊಟ್ಟರೇನು? ಮೈಸೂರಿನ ಗ್ಯಾರೇಜುಗಳಲ್ಲಿ ಗೇರಿನ ತಿಳಿವಳಿಕೆ ಇಷ್ಟು ಆಳವಾಗಿರುವುದಕ್ಕೆ ಆ ಯಾದವಗಿರಿಯ ವರ್ಷಗಳೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಕೇಬಲ್ ಬದಲಿಸುವುದು ದೊಡ್ಡ ಕೆಲಸವಲ್ಲ. ಹೊಸದನ್ನು ತೊಡಿಸಿ, ಪೆಡಲಿನಲ್ಲಿ ಇರಬೇಕಾದಷ್ಟು ಆಟ ಬಿಟ್ಟು, ನಟ್ ಬಿಗಿದರು. ಆ ಆಟದ ಲೆಕ್ಕ ನಾಜೂಕು. ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡದೆ ಗೇರು ಬೀಳದು. ತೀರಾ ಇಲ್ಲವಾದರೆ ಕ್ಲಚ್ ಪೂರ್ತಿ ಹಿಡಿಯದೆ ಪ್ಲೇಟ್ ಜಾರುತ್ತದೆ, ರಿಲೀಸ್ ಬೇರಿಂಗ್ ಸದಾ ಉಜ್ಜಿಕೊಂಡು ಸವೆಯುತ್ತದೆ. ಬಿಡದ ಕ್ಲಚ್ಚು, ಹಿಡಿಯದ ಕ್ಲಚ್ಚು, ಇವೆರಡು ಒಂದಕ್ಕೊಂದು ಎದುರಾದ ಖಾಯಿಲೆಗಳು. ಜನ ಎರಡಕ್ಕೂ “ಕ್ಲಚ್ ಪ್ಲೇಟ್ ಹೋಯ್ತು” ಎಂದುಬಿಡುತ್ತಾರೆ. ಪ್ಲೇಟ್ ಸವೆದಾಗ ಗೇರು ಸುಲಭವಾಗಿಯೇ ಬೀಳುತ್ತದೆ, ಎಂಜಿನ್ ಕೂಗುತ್ತದೆ, ಕಾರು ಮಾತ್ರ ಏರುವುದಿಲ್ಲ. ದಸರಾ ದಿನಗಳಲ್ಲಿ ಕೆ.ಆರ್. ವೃತ್ತದ ಸುತ್ತ ಅಂಗುಲ ಅಂಗುಲ ಸರಿಯುವಾಗ, ಚಾಮುಂಡಿ ಬೆಟ್ಟದ ಏರಿನಲ್ಲಿ ಬ್ರೇಕ್ ಹಿಡಿಯದೆ ಅರ್ಧ ಕ್ಲಚ್ಚಿನಲ್ಲೇ ಕಾರನ್ನು ನಿಲ್ಲಿಸಿಕೊಂಡಾಗ, ಮೂಗಿಗೆ ಬಡಿಯುವ ಸುಟ್ಟ ವಾಸನೆ ಆ ಖಾಯಿಲೆಯದ್ದು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಆ ಬೆಟ್ಟ ನಮ್ಮೂರಿನ ಕ್ಲಚ್ಚುಗಳ ಪರೀಕ್ಷೆ ನಡೆಸುವ ಜಾಗ. ಕೊಂಡುಕೊಳ್ಳುವ ಮುಂಚೆ ಹಳೆಯ ಕಾರನ್ನು ಒಮ್ಮೆ ಅಲ್ಲಿನ ನಂದಿ ವಿಗ್ರಹದವರೆಗಾದರೂ ಹತ್ತಿಸಿ ನೋಡುವ ಬುದ್ಧಿವಂತರಿದ್ದಾರೆ.

ಆ ದಿನ ಗ್ಯಾರೇಜಿನಲ್ಲಿ ಗೇರಿನ ತೊಂದರೆಯ ಇನ್ನೂ ಎರಡು ಗಾಡಿಗಳಿದ್ದವು. ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಒಂದು ಕೊಡಗಿನಿಂದ ಎಳೆಸಿ ತಂದ ಜೀಪು. ಮಳೆಗಾಲವೆಲ್ಲ ತೋಟದ ಶೆಡ್ಡಿನಲ್ಲಿ ನಿಂತಿತ್ತು. ಆ ತೇವದಲ್ಲಿ ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟಿಕೊಂಡುಬಿಡುತ್ತದೆ. ಪೆಡಲ್ ಒತ್ತಿದರೆ ಪ್ರೆಷರ್ ಪ್ಲೇಟ್ ಹಿಂದೆ ಸರಿಯುತ್ತದೆ, ಕ್ಲಚ್ ಪ್ಲೇಟ್ ಮಾತ್ರ ಫ್ಲೈವೀಲನ್ನು ಬಿಡುವುದಿಲ್ಲ. ಚಕ್ರಗಳನ್ನು ನೆಲದಿಂದ ಎತ್ತಿ ಭದ್ರವಾಗಿ ನಿಲ್ಲಿಸಿ, ಗೇರಿನಲ್ಲಿಟ್ಟೇ ಎಂಜಿನ್ ಶುರು ಮಾಡಿ, ಕ್ಲಚ್ ಒತ್ತಿ ಹಿಡಿದು ಬ್ರೇಕ್ ಹಾಕಿದರೆ ಕೆಲವು ಸಲ ಅಂಟು ‘ಫಟ್’ ಎಂದು ಬಿಡುತ್ತದೆ. ಬಿಡದಿದ್ದರೆ ಗೇರ್ ಬಾಕ್ಸ್ ಇಳಿಸಲೇಬೇಕು. ಅಂದು ಬಿಟ್ಟಿತು.

ಇನ್ನೊಂದು ಕಾರಿನಲ್ಲಿ ಕಡ್ಡಿಯೇ ಬಿಗಿ ಕಳೆದುಕೊಂಡಿತ್ತು. ಖಾಲಿ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ ಎತ್ತ ತಿರುಗಿಸಿದರೂ ತಿರುಗುತ್ತಿತ್ತು, ಎಲ್ಲೂ ತಾಗುತ್ತಿರಲಿಲ್ಲ. ಕಾರಿನ ಯಜಮಾನರು ಗೇರ್ ಬಾಕ್ಸಿಗೆ ಆಗುವ ಖರ್ಚನ್ನು ನೆನೆದು ಮುಖ ಸಣ್ಣದು ಮಾಡಿಕೊಂಡಿದ್ದರು. ಮೇಸ್ತ್ರಿ ಕೆಳಗೆ ನುಸುಳಿ, ಕಳಚಿಬಿದ್ದ ಒಂದು ಪ್ಲಾಸ್ಟಿಕ್ ಬುಷ್ ಹಿಡಿದುಕೊಂಡು ಮೇಲೆ ಬಂದರು. ಹೆಬ್ಬೆರಳ ಉಗುರಿನಷ್ಟು ದೊಡ್ಡದು. “ಇಷ್ಟೇ ಸಾರ್,” ಎಂದಾಗ ಆ ಯಜಮಾನರ ಮುಖ ಅರಳಿದ್ದನ್ನು ನೋಡಬೇಕಿತ್ತು. ಗೇರ್ ಬಾಕ್ಸ್ ಇಳಿಸಿ ಎಂದು ಹೇಳಿದ್ದರೆ ಅವರು ಇಳಿಸಿ ಎನ್ನುತ್ತಿದ್ದರು. ಹಾಗೆ ಹೇಳದಿರುವ ಮೇಸ್ತ್ರಿಯೊಬ್ಬ ಒಂದು ಬಡಾವಣೆಗೆ ಸಿಗುವುದು ಒಳ್ಳೆಯ ಡಾಕ್ಟರು ಸಿಗುವುದಕ್ಕಿಂತ ಕಡಿಮೆಯಲ್ಲ.

ಕೇಬಲ್ ಬದಲು ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಕಾರುಗಳೂ ಈಗ ಬಹಳಷ್ಟಿವೆ. ಅವುಗಳಲ್ಲಿ ಹರಿಯುವುದು ಬ್ರೇಕ್ ಆಯಿಲ್. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಪೆಡಲನ್ನು ಬೇಗ ಬೇಗ ಎರಡು ಮೂರು ಸಲ ಪಂಪ್ ಮಾಡಿದಾಗ ಮಾತ್ರ ಗೇರು ಬಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಕೊಳವೆಯಲ್ಲಿ ಗಾಳಿ ಸೇರಿದೆ. ಆ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದ್ದಾದ್ದರಿಂದ ಕಾಲಕಾಲಕ್ಕೆ ಬದಲಿಸಬೇಕು. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಬರೀ ತುಂಬಿಸಿ ಸುಮ್ಮನಾಗಬಾರದು. ಬ್ರೇಕಿನ ಪ್ರಶ್ನೆಯೂ ಅದರೊಳಗೇ ಇದೆ.

2014 ನನಗೆ ಮರೆಯದ ವರ್ಷ. ಆ ಜನವರಿಯಲ್ಲಿ ಮಾರುತಿ 800ರ ತಯಾರಿಕೆ ನಿಂತಿತು, ಮೇ ತಿಂಗಳಲ್ಲಿ ಉತ್ತರಪಾಡಾದಲ್ಲಿ ಅಂಬಾಸಿಡರ್ ನಿಂತಿತು. ಎರಡರ ನಡುವೆ, ಫೆಬ್ರವರಿಯಲ್ಲಿ, ಮಾರುತಿ ಸೆಲೆರಿಯೊ ಎಂಬ ಸಣ್ಣ ಕಾರು ಎಎಂಟಿ ಗೇರಿನೊಂದಿಗೆ ಬಂತು. ಕ್ಲಚ್ ಪೆಡಲ್ ಇಲ್ಲ. ಅದೇ ಕ್ಲಚ್, ಅದೇ ಗೇರ್ ಬಾಕ್ಸ್, ಒತ್ತುವುದು ಬದಲಿಸುವುದು ಮಾತ್ರ ಯಂತ್ರದ ಕೆಲಸ. ಒಂದೇ ವಸಂತದಲ್ಲಿ ಎರಡು ತಲೆಮಾರುಗಳ ಗೇರು ಹೋಗಿ ಮೂರನೆಯದು ಬಂದಂತಾಯಿತು. ಗೋಕುಲಂ, ವಿಜಯನಗರಗಳ ಮನೆಗಳ ಮುಂದೆ ಈಗ ಪೆಡಲ್ ಎರಡೇ ಇರುವ ಕಾರುಗಳು ಸಾಲುಸಾಲು. ಮಂಡಿ ನೋಯುವ ಹಿರಿಯರಿಗೆ, ಹೊಸದಾಗಿ ಕಲಿಯುವವರಿಗೆ ಅವು ವರ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಅವೂ ಗೇರಿಗೆ ಬೀಳದೆ ನಿಲ್ಲುತ್ತವೆ. ಆಟೊಮ್ಯಾಟಿಕ್ ಕಾರಿನ ಕಡ್ಡಿ ‘ಪಿ’ಯಿಂದ, ಅಂದರೆ ಪಾರ್ಕಿಂಗ್ ಸ್ಥಾನದಿಂದ, ಹೊರಬರುವುದೇ ಇಲ್ಲವೆಂದು ಗಾಬರಿಯಾಗಿ ಫೋನ್ ಮಾಡಿದವರಿಗೆ ಮೇಸ್ತ್ರಿ ಕೇಳುವ ಮೊದಲ ಪ್ರಶ್ನೆ, “ಬ್ರೇಕ್ ಒತ್ತಿದಾಗ ಹಿಂದಿನ ದೀಪ ಹತ್ತುತ್ತಾ ನೋಡಿ.” ಬ್ರೇಕ್ ಒತ್ತಿದೆ ಎಂದು ಕಾರಿಗೆ ತಿಳಿಸುವ ಸಣ್ಣ ಸ್ವಿಚ್ಚು ಕೆಟ್ಟರೆ ದೀಪವೂ ಹತ್ತದು, ‘ಪಿ’ ಕೂಡ ಬೀಗ ಬಿಡದು. ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ ‘ಪಿ’ಯಲ್ಲೇ ನಿಲ್ಲಿಸಿದ್ದರೆ ಕಾರಿನ ಭಾರವೆಲ್ಲ ಒಳಗಿನ ಒಂದು ಕೊಕ್ಕೆಯ ಮೇಲೆ ಬಿದ್ದು ಕಡ್ಡಿ ಬಿಗಿಯುತ್ತದೆ. ಯಂತ್ರ ಬದಲಾಗಿದೆ, ಅವರ ಕೇಳುವ ಕ್ರಮ ಬದಲಾಗಿಲ್ಲ. ಅವರ ಹುಡುಗ ಈಗ ಸ್ಕ್ಯಾನರ್ ಚುಚ್ಚಿ ಪರದೆಯ ಮೇಲೆ ಬರುವ ಅಂಕಿಗಳನ್ನು ಓದುತ್ತಾನೆ. ಅವನು ಓದಿ ಮುಗಿಸುವವರೆಗೆ ಮೇಸ್ತ್ರಿ ಕಾರಿನವರ ಹತ್ತಿರ ಮಾತಾಡುತ್ತಿರುತ್ತಾರೆ: ಬೆಳಗ್ಗೆ ಹಿಂಗಾಗುತ್ತಾ, ಬಿಸಿಯಾದ್ಮೇಲಾ? ಒಂದೇ ಗೇರಾ, ಎಲ್ಲಾದಕ್ಕೂನಾ? ಮಳೇಲಿ ನಿಂತಿತ್ತಾ? ಆಯಿಲ್ ಯಾವಾಗ ಹಾಕ್ಸಿದ್ರಿ, ಯಾವ್ದು? ಒಂದೇ ಗೇರು ಮುಷ್ಕರ ಹೂಡಿದ್ದರೆ ಆ ಗೇರಿನ ಉಂಗುರ. ಚಳಿಯಲ್ಲಷ್ಟೇ ಆದರೆ ಗೇರ್ ಆಯಿಲ್ ದಪ್ಪ. ಎಲ್ಲಾ ಗೇರೂ, ಅದೂ ಎಂಜಿನ್ ಓಡುವಾಗ ಮಾತ್ರ ಎಂದರೆ ಕ್ಲಚ್. ಸ್ಕ್ಯಾನರಿನ ಅಂಕಿಗೂ ಈ ಉತ್ತರಗಳಿಗೂ ತಾಳೆಯಾದ ಮೇಲೆಯೇ ಅವರು ಸ್ಪ್ಯಾನರ್ ಹಿಡಿಯುವುದು.

ಡ್ರೈವಿಂಗ್ ಶಾಲೆಗಳವರನ್ನು ಕಂಡಾಗಲೆಲ್ಲ ನಾನು ಒಂದು ಮಾತು ಕೇಳಿಕೊಳ್ಳುತ್ತಿದ್ದೇನೆ. ಕಲಿಯುವವರಿಗೆ ಎಂಟು ಹಾಕುವುದನ್ನು ಹೇಳಿಕೊಡುತ್ತೀರಿ, ರಿವರ್ಸ್ ತೆಗೆಯುವುದನ್ನು ಹೇಳಿಕೊಡುತ್ತೀರಿ; ಒಂದು ದಿನ, ಅರ್ಧ ಗಂಟೆ, ಕಾರನ್ನು ಮರದ ನೆರಳಿನಲ್ಲಿ ನಿಲ್ಲಿಸಿ, ಗೇರು ಬೀಳದಿದ್ದರೆ ಏನೇನು ನೋಡಬೇಕೆಂಬುದನ್ನೂ ಹೇಳಿಕೊಡಿ. ಎಂಜಿನ್ ಆರಿಸಿ ಹಾಕಿ ನೋಡುವುದು, ಕ್ಲಚ್ ಬಿಟ್ಟು ಮತ್ತೆ ಒತ್ತುವುದು, ಪೆಡಲಿನ ಬಿಗಿಯನ್ನು ಕಾಲಿನಿಂದ ಅಳೆಯುವುದು, ಆಯಿಲ್ ಡಬ್ಬಿಯ ಮಟ್ಟ ನೋಡುವುದು, ಬಲ ಹಾಕದಿರುವುದು. ಸರಸ್ವತಿಪುರಂ ಕಡೆಯ ಒಂದು ಶಾಲೆಯವರು ಕಳೆದ ಬೇಸಿಗೆಯಿಂದ ಹೀಗೆ ಮಾಡುತ್ತಿದ್ದಾರೆ. ಮೊದಲ ದಿನವೇ ಅವರು ಕಲಿಯಲು ಬಂದವರಿಂದ ಮಾಡಿಸುವುದು ಮ್ಯಾಟ್ ಎತ್ತಿ ಪೆಡಲಿನ ಕೆಳಗೆ ಕೈ ಆಡಿಸುವ ಕೆಲಸ.